ಎಡೆದೊರೆಯ ದಡಗಳಲ್ಲಿ ಗಾಲಿಮನೆಯ ಪಯಣ

ಮಲಗುವ ಮಂಚ, ಅಡುಗೆಯ ಒಲೆ, ಕುಡಿಯುವ ನೀರಿನ ತೊಟ್ಟಿ, ಶೌಚದ ಅನುಕೂಲ ಇವಿಷ್ಟನ್ನೂ ಒಂದೇ ಮೋಟಾರು ವಾಹನದೊಳಗೆ ಅಳವಡಿಸಿಕೊಂಡು, ಹಗಲಿನ ಪ್ರಯಾಣಕ್ಕೂ ಇರುಳಿನ ವಾಸಕ್ಕೂ ಅದನ್ನೇ ಬಳಸುವ ಕ್ರಮಕ್ಕೆ ಕ್ಯಾರವಾನ್ ಪ್ರವಾಸ ಎಂದು ಹೆಸರು. ಕ್ಯಾಂಪರ್ ವ್ಯಾನ್ ಎಂದು ಕರೆಯಲಾಗುವ ಆ ವಾಹನವನ್ನು ಈ ಭಾಷಣದಲ್ಲಿ ಗಾಲಿಮನೆ ಎಂದು ಹೇಳಲಾಗಿದೆ. ವಸತಿಗೃಹದಲ್ಲಿ ತಂಗುವ ಪ್ರವಾಸಿಗನು ಹೊತ್ತು ಮುಳುಗುವ ಮೊದಲೇ ಊರು ಸೇರಬೇಕಾಗುತ್ತದೆ ಮತ್ತು ಬೆಳಗಿನ ಉಪಾಹಾರ ಮುಗಿದ ಮೇಲೆಯೇ ಹೊರಡಬೇಕಾಗುತ್ತದೆ. ಗಾಲಿಮನೆಯವನಿಗೆ ಆ ಕಟ್ಟುಪಾಡಿಲ್ಲ. ಮನಸ್ಸಿಗೆ ಬಂದ ಕಡೆ, ಮನಸ್ಸಿಗೆ ಬಂದ ಹೊತ್ತಿನಲ್ಲಿ ನಿಲ್ಲುವ ಈ ಸ್ವಾತಂತ್ರ್ಯವೇ ಅದರ ಮುಖ್ಯ ಆಕರ್ಷಣೆ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಪ್ರಾಣಿಪಕ್ಷಿಗಳು ನೀರಿನಂಚಿಗೆ ಬರುವುದರಿಂದ, ಅವುಗಳನ್ನು ನೋಡಬಯಸುವವರಿಗೆ ಇಂಥ ವಾಹನಕ್ಕಿಂತ ಹೆಚ್ಚಿನ ಅನುಕೂಲ ಇನ್ನೊಂದಿಲ್ಲ. ಆದರೆ ಅದೇ ಕಾರಣದಿಂದ, ನೀರಿನಂಚನ್ನೇ ನಂಬಿ ಬದುಕುವ ಜೀವಿಗಳಿಗೆ ಇಂಥ ವಾಹನದಷ್ಟು ತೊಂದರೆ ಕೊಡಬಲ್ಲ ವಸ್ತುವೂ ಇನ್ನೊಂದಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಸೀಮೆಯ ನದಿದಡಗಳ ಬಗ್ಗೆ ಯೋಚಿಸಬೇಕಾದ ಕಾಲ ಬಂದಿದೆ.

ಗಾಲಿಮನೆಯ ಪ್ರವಾಸ ಎಂದೊಡನೆ ಕರ್ನಾಟಕದಲ್ಲಿ ಎಲ್ಲರ ನೆನಪೂ ಕಡಲ ಕಡೆಗೆ ಹೋಗುತ್ತದೆ. ಕಾರವಾರದಿಂದ ತಲಪಾಡಿಯವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಮರವಂತೆಯಲ್ಲಿ ಸೌಪರ್ಣಿಕಾ ನದಿಗೂ ಸಮುದ್ರಕ್ಕೂ ನಡುವಿನ ಸಣ್ಣ ಪಟ್ಟಿಯ ಮೇಲೆ ಹಾಯುವುದನ್ನು ಕಂಡವರು ಅದನ್ನು ಮರೆಯುವುದಿಲ್ಲ. ಸಿಂಧನೂರಿನಿಂದ ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ದಾಟಿ ಅಂಕೋಲೆಗೆ ಇಳಿಯುವ ದಾರಿ ಈ ಸೀಮೆಯವರಿಗೆ ಪರಿಚಿತವೇ ಆಗಿದೆ. ಆದರೂ ತಮ್ಮದೇ ಸೀಮೆಯ ಎರಡು ಬದಿಗಳಲ್ಲಿ ಎರಡು ದೊಡ್ಡ ದಡಗಳಿವೆ ಎಂಬುದನ್ನೂ, ಆ ದಡಗಳಲ್ಲಿ ಕಡಲತೀರದಷ್ಟೇ ತುಂಬಿದ ಜೀವಲೋಕವೊಂದಿದೆ ಎಂಬುದನ್ನೂ ಇಲ್ಲಿನವರು ಪ್ರವಾಸದ ಕಣ್ಣಿನಿಂದ ನೋಡಿದ್ದು ಕಡಿಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ನಡುನಾಡನ್ನು ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ಹೊಳೆಗಳ ನಡುವಿನ ನೆಲ ಎಂಬ ಅರ್ಥದಲ್ಲಿ ಇತಿಹಾಸಕಾರರು ಇದನ್ನು ರಾಯಚೂರು ದೋಆಬ್ ಎನ್ನುತ್ತಾರೆ. ಬಹಮನಿ ಮತ್ತು ವಿಜಯನಗರದ ಅರಸರು ಈ ನೆಲಕ್ಕಾಗಿ ಪದೇ ಪದೇ ಕಾದಿದ್ದಕ್ಕೆ ಮುದಗಲ್ಲಿನ ಕೋಟೆ ಇಂದಿಗೂ ಸಾಕ್ಷಿಯಾಗಿದೆ.

ವಾಹನದಲ್ಲಿಯೇ ಬಿಡಾರ ಹೂಡಿ ದಿನಗಟ್ಟಲೆ ಸಂಚರಿಸುವ ರೂಢಿ ಈ ನಾಡಿಗೆ ಹೊರಗಿನಿಂದ ಬಂದದ್ದೆಂದು ತಿಳಿಯುವುದು ಸರಿಯಲ್ಲ. ಸವದತ್ತಿಯ ಯಲ್ಲಮ್ಮನ ಜಾತ್ರೆಗೋ, ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠಕ್ಕೋ ಹೊರಡುವ ಕುಟುಂಬಗಳು ಹಿಂದೆ ಸವಾರಿ ಬಂಡಿಗೆ ಮೇಲುಹೊದಿಕೆ ಕಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ಎತ್ತುಗಳ ಮೇವು, ಹಾಸುವ ಕೌದಿ ಎಲ್ಲವನ್ನೂ ಹೇರಿಕೊಂಡು ಹೋಗುತ್ತಿದ್ದವು. ಈಗ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರಾಲಿ, ಮೇಲುಹೊದಿಕೆಯ ಜಾಗಕ್ಕೆ ತಾಡಪತ್ರಿ ಬಂದಿವೆ. ಬೇಸಿಗೆಯಲ್ಲಿ ಮಂದೆಯೊಂದಿಗೆ ಊರಿಂದೂರಿಗೆ ನಡೆದು, ಹೊಲಗಳಲ್ಲಿ ಕುರಿ ನಿಲ್ಲಿಸುವ ಕುರಿಗಾಹಿಗಳದೂ ಸಂಚಾರದ ಸಂಸಾರವೇ. ಈ ಹಳೆಯ ರೂಢಿಗಳಲ್ಲಿ ಗಮನಿಸಬೇಕಾದ ವಿವೇಕವೊಂದಿದೆ: ಅವರ ಬಿಡಾರ ಬೀಳುತ್ತಿದ್ದುದು ಸಾಮಾನ್ಯವಾಗಿ ಊರ ಬಯಲಿನಲ್ಲಿ, ಗುಡಿಯ ಮುಂದಿನ ಅಂಗಳದಲ್ಲಿ ಅಥವಾ ಸುಗ್ಗಿ ಮುಗಿದ ಹೊಲದಲ್ಲಿ. ನೀರಿಗೆ ಹೊಳೆಗೆ ಹೋಗುತ್ತಿದ್ದರು, ನೀರು ತುಂಬಿಕೊಂಡು ಹಿಂದಿರುಗುತ್ತಿದ್ದರು. ಹೊಳೆಯ ಒಡಲಿನಲ್ಲಿ ಮಲಗುತ್ತಿರಲಿಲ್ಲ.

ಈ ಸೀಮೆಯನ್ನು ಸುತ್ತಲು ದಾರಿಯ ತೊಡಕಿಲ್ಲ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಕೃಷ್ಣೆಯನ್ನು ದಾಟಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿ, ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ ಸಿರುಗುಪ್ಪದ ಕಡೆಗೆ ಹೋಗುತ್ತದೆ. ಹೆದ್ದಾರಿಯನ್ನು ಬಿಟ್ಟ ಕೂಡಲೇ ನೆಲದ ಗುಣ ತಿಳಿದಿರಬೇಕು. ಇಲ್ಲಿನ ಕಪ್ಪು ಎರೆಮಣ್ಣು ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಜಾತಿಯ ಜೇಡಿಯಿಂದ ಕೂಡಿದ್ದು, ಒಂದು ಹದಮಳೆ ಬಿದ್ದರೂ ಭಾರದ ವಾಹನದ ಗಾಲಿಗಳನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಒಣ ಚಳಿಗಾಲವೇ ಈ ಪಯಣಕ್ಕೆ ತಕ್ಕ ಕಾಲ.

ಉತ್ತರದ ದಡವೆಂದರೆ ಲಿಂಗಸುಗೂರು ತಾಲ್ಲೂಕಿನ ಕೃಷ್ಣೆ. ನಾರಾಯಣಪುರದಲ್ಲಿ ಬಸವಸಾಗರ ಜಲಾಶಯದ ಗೋಡೆಯನ್ನು ದಾಟಿದ ಮೇಲೆ ಈ ನದಿ ಬಯಲುನಾಡಿನ ಸಾಧು ಹೊಳೆಯಾಗಿ ಉಳಿಯುವುದಿಲ್ಲ. ಗಟ್ಟಿ ಬಂಡೆಗಳ ನಡುವೆ ಸೀಳಿ ಸೀಳಿ ಹರಿದು, ಜಲದುರ್ಗದ ಬಳಿ ಇಕ್ಕಟ್ಟಾದ ಕಮರಿಗಳಲ್ಲಿ ಧುಮುಕಿ ಮುಂದೆ ಸಾಗುತ್ತದೆ. ಹೀಗೆ ಕವಲೊಡೆದ ನೀರಿನ ನಡುವೆ ಉಳಿದ ನೆಲವನ್ನು ಇಲ್ಲಿನವರು ಗಡ್ಡಿ ಎನ್ನುತ್ತಾರೆ. ಕರಕಲಗಡ್ಡಿ, ಮ್ಯಾದರಗಡ್ಡಿ, ಓಂಕಾರಗಡ್ಡಿ, ವೆಂಕಮ್ಮನಗಡ್ಡಿ ಮುಂತಾದ ನಡುಗಡ್ಡೆಗಳಲ್ಲಿ ಕುಟುಂಬಗಳು ಹೊಲ ಮಾಡಿಕೊಂಡು ಬದುಕುತ್ತ ಬಂದಿವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ಸಂಪರ್ಕ ಕಡಿದುಹೋಗುವುದು ಮಳೆ ಹೆಚ್ಚಾದ ವರ್ಷಗಳಲ್ಲಿ ಮರುಕಳಿಸುವ ಕಷ್ಟ. ಜಲದುರ್ಗದ ಕೋಟೆಯ ಮೇಲಿನಿಂದ ಕಾಣುವ ಹೊಳೆಯ ನೋಟಕ್ಕೆ ಮನಸೋಲುವ ಪ್ರವಾಸಿಗರು, ಆ ನೋಟದೊಳಗೆ ಹೀಗೆ ನೀರಿನ ಸೆರೆಯಲ್ಲಿ ದಿನ ಎಣಿಸುವ ಮನೆಗಳೂ ಇವೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಈ ನೀರಿನ ಮುಖ್ಯ ನಿವಾಸಿ ಮೊಸಳೆ. ಭಾರತದ ಸಿಹಿನೀರಿನ ಹೊಳೆ, ಕೆರೆ, ಜಲಾಶಯಗಳಲ್ಲಿ ಬದುಕುವ ಅಗಲ ಮೂತಿಯ ಈ ಮೊಸಳೆಯನ್ನು ಪ್ರಾಣಿಶಾಸ್ತ್ರಜ್ಞರು ಮಗ್ಗರ್ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿ, ಅದಕ್ಕೆ ಸ್ಥಾನವಿದೆ. ತನ್ನ ಮೈಯ ಶಾಖವನ್ನು ತಾನೇ ಉಂಟುಮಾಡಿಕೊಳ್ಳಲಾರದ ಪ್ರಾಣಿಯಾದ್ದರಿಂದ ಚಳಿಗಾಲದ ಬೆಳಗಿನಲ್ಲಿ ಅದು ಬಂಡೆಯ ಮೇಲೆ, ಮರಳಿನ ದಿಬ್ಬದ ಮೇಲೆ ಬಿಸಿಲು ಕಾಯುತ್ತ ಮಲಗುತ್ತದೆ, ಮತ್ತು ಈ ಹೊತ್ತಿನಲ್ಲಿ ಗದ್ದಲಕ್ಕೆ ಬೆದರಿ ಮತ್ತೆ ಮತ್ತೆ ನೀರಿಗೆ ಇಳಿಯಬೇಕಾಗಿ ಬಂದರೆ ಅದರ ಅರಗುವಿಕೆಯೂ ಚಲನವಲನವೂ ಕುಂದುತ್ತವೆ. ಬೇಸಿಗೆಯ ಮೊದಲ ಭಾಗದಲ್ಲಿ ಹೆಣ್ಣು ಮೊಸಳೆ ದಡದ ಮಣ್ಣಿನಲ್ಲೋ ಮರಳಿನಲ್ಲೋ ಗುಂಡಿ ತೋಡಿ ಸುಮಾರು 25ರಿಂದ 30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳ ನಂತರ, ಮುಂಗಾರು ಕಾಲಿಡುವ ಹೊತ್ತಿಗೆ, ಒಳಗಿನಿಂದ ಮರಿಗಳ ಕೂಗು ಕೇಳಿದಾಗ ತಾಯಿಯೇ ಗುಂಡಿಯನ್ನು ಅಗೆದು ಅವುಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಬಿಡುತ್ತದೆ. ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದನ್ನು ನಿರ್ಧರಿಸುವುದು ಆ ಗುಂಡಿಯ ಉಷ್ಣಾಂಶ. ಇಷ್ಟು ಸೂಕ್ಷ್ಮವಾದ ಗೂಡಿನ ಮೇಲೆ ವಾಹನ ನಿಲ್ಲಿಸಿ ಒಲೆ ಹೂಡಿದವನಿಗೆ ತಾನು ಏನನ್ನು ಹಾಳುಮಾಡಿದೆ ಎಂಬುದು ತಿಳಿಯುವುದೇ ಇಲ್ಲ, ಏಕೆಂದರೆ ಮುಚ್ಚಿದ ಗುಂಡಿ ಸುತ್ತಲಿನ ನೆಲಕ್ಕಿಂತ ಬೇರೆಯಾಗಿ ಕಾಣುವುದಿಲ್ಲ.

ದಡದ ಊರುಗಳ ಜನಕ್ಕೆ ಮೊಸಳೆ ಹೊಸ ಸಂಗತಿಯಲ್ಲ. ಬಟ್ಟೆ ಒಗೆಯಲು, ದನಗಳ ಮೈ ತೊಳೆಯಲು, ಪಂಪುಸೆಟ್ಟು ನೋಡಲು ನಿತ್ಯ ಹೊಳೆಗಿಳಿಯುವವರು ಯಾವ ಮಡುವಿನಲ್ಲಿ ಎಚ್ಚರವಿರಬೇಕೆಂದು ಬಲ್ಲರು, ಬಲ್ಲವರಿಗೂ ಕೆಲವೊಮ್ಮೆ ಅಪಾಯ ತಪ್ಪಿದ್ದಲ್ಲ. ಹೊರಗಿನಿಂದ ಬಂದ ಪ್ರವಾಸಿಗನಿಗೆ ಆ ತಿಳಿವಳಿಕೆ ಇರುವುದಿಲ್ಲ. ಅವನು ಬಿಸಾಡಿದ ಮಾಂಸದ ಚೂರು, ಮೀನಿನ ತಲೆ, ಉಳಿದ ಅನ್ನ ಇವು ನಾಯಿಗಳನ್ನು ದಡಕ್ಕೆ ಕರೆಯುತ್ತವೆ. ನಾಯಿಗಳು ಮೊಟ್ಟೆಗಳನ್ನು ಬಗೆಯುತ್ತವೆ, ನಾಯಿಗಳನ್ನು ಹಿಡಿಯಲು ಮೊಸಳೆ ದಡಕ್ಕೆ ಹತ್ತಿರ ಬರುತ್ತದೆ, ಕೊನೆಗೆ ಅದರ ಬೆಲೆ ತೆರುವವರು ಮರುದಿನ ಅಲ್ಲಿಗೆ ನೀರಿಗೆ ಬರುವ ಊರಿನ ಹೆಂಗಸರು ಮತ್ತು ಮಕ್ಕಳು. ಪ್ರವಾಸದ ವಿಷಯದಲ್ಲಿ ಮೊದಲು ಯೋಚಿಸಬೇಕಾದ್ದು ಇದನ್ನೇ.

ಲಿಂಗಸುಗೂರಿನಿಂದ ದಕ್ಷಿಣಕ್ಕೆ ತಿರುಗಿದರೆ ಹೊಳೆ ಮರೆಯಾಗಿ ಕಲ್ಲುಗುಡ್ಡಗಳ ನಾಡು ತೆರೆದುಕೊಳ್ಳುತ್ತದೆ. ಚಿನ್ನದ ಗಣಿಗೆ ಹೆಸರಾದ ಹಟ್ಟಿ ಇರುವುದು ಇದೇ ತಾಲ್ಲೂಕಿನಲ್ಲಿ. ಮುಂದೆ ಸಿಗುವ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಗುರುತಿಸಿದ ಬಂಡೆಬರಹದಲ್ಲಿ ಅಶೋಕನ ಹೆಸರು ನೇರವಾಗಿ ಬಂದಿದ್ದು, ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ತಿಳಿದಿದ್ದ ಅರಸನು ಮೌರ್ಯ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಶಾಸನಗಳಲ್ಲಿಯೂ ಆ ಹೆಸರು ಮುಂದೆ ದೊರಕಿತು. ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅಶೋಕನ ಬೇರೆ ಶಾಸನಗಳಲ್ಲಿರುವ ಸಂಗತಿ. ಉತ್ತರ ಭಾರತದ ಅವನ ಸ್ತಂಭಶಾಸನಗಳಲ್ಲಿ ಒಂದು, ಹಾದಿಯ ಬದಿಗೆ ಆಲದ ಮರಗಳನ್ನು ನೆಡಿಸಿದ್ದನ್ನೂ, ಬಾವಿಗಳನ್ನು ತೋಡಿಸಿದ್ದನ್ನೂ, ತಂಗುದಾಣ ಮತ್ತು ಅರವಟ್ಟಿಗೆಗಳನ್ನು ಮನುಷ್ಯರಿಗೂ ಪ್ರಾಣಿಗಳಿಗೂ ಒಟ್ಟಿಗೆ ಉಪಯೋಗವಾಗಲೆಂದು ಮಾಡಿಸಿದ್ದನ್ನೂ ಹೇಳುತ್ತದೆ. ಮತ್ತೊಂದು, ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯಲ್ಲಿ ಹಂಸವನ್ನೂ ಆಮೆಯನ್ನೂ ಹೆಸರಿಸುತ್ತದೆ. ದಾರಿ, ದಾರಿಹೋಕ, ಪ್ರಾಣಿ ಈ ಮೂರನ್ನೂ ಒಟ್ಟಿಗೆ ಕಂಡ ಆಡಳಿತ ಇದು. ಮಸ್ಕಿಯ ಬಂಡೆಯನ್ನು ಬೇಲಿಯ ಹೊರಗಿನಿಂದ ನೋಡಿ ಚಿತ್ರ ತೆಗೆದುಕೊಂಡು ಹಿಂದಿರುಗುವವರಿಗೆ ಈ ಹಿನ್ನೆಲೆಯನ್ನು ತಿಳಿಸುವ ಒಂದು ಫಲಕವಾದರೂ ಅಲ್ಲಿ ಕನ್ನಡದಲ್ಲಿ ಇರತಕ್ಕದ್ದು.

ಸಿಂಧನೂರನ್ನು ಸೇರುವ ಹೊತ್ತಿಗೆ ನೋಟ ಪೂರ್ತಿ ಬದಲಾಗುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಒಣಬೇಸಾಯದ ಜೋಳ, ಹತ್ತಿಯ ಸೀಮೆಯನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ಕಾಲುವೆಯ ಹಿಂದೆ ಬಂದ ಆಂಧ್ರದ ಕೃಷಿಕರ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಕ್ಯಾಂಪುಗಳೂ ಇಲ್ಲಿನ ಜನಜೀವನದ ಅಂಗವಾಗಿವೆ. ನೀರು ನಿಂತ ಗದ್ದೆಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಕೆಂಬರಲುಗಳು ಮೇಯುತ್ತವೆ. ಚಳಿಗಾಲದಲ್ಲಿ ಮಂಗೋಲಿಯ ಮತ್ತು ಟಿಬೆಟ್ಟಿನ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಬೇಕೆಂದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಬೇಕು. ಅದು ಇಲ್ಲಿಂದ ಒಂದು ಹಗಲಿನಲ್ಲಿ ಸೇರಬಹುದಾದ ಸ್ಥಳ.

ತುಂಗಭದ್ರೆಯ ಅಮೂಲ್ಯ ಜೀವಿ ನೀರುನಾಯಿ. ನುಣುಪು ಕೂದಲಿನ, ಅಗಲ ಪಾದದ, ಮೀನನ್ನೇ ಮುಖ್ಯ ಆಹಾರವಾಗಿ ಉಳ್ಳ ಈ ಪ್ರಾಣಿ ಕುಟುಂಬವಾಗಿ ಬಾಳುತ್ತದೆ. ದಡದ ಪೊದೆ, ಜೊಂಡು, ಬಂಡೆಗಳ ಸಂದಿಯಲ್ಲಿ ಬಿಲ ಮಾಡಿ ಮರಿ ಸಾಕುತ್ತದೆ. ನಿರ್ದಿಷ್ಟ ಬಂಡೆಗಳ ಮೇಲೆ ಮಲ ಹಾಕಿ ತನ್ನ ಎಲ್ಲೆಯನ್ನು ಗುರುತು ಮಾಡುತ್ತದೆ. ಕರ್ನಾಟಕ ಸರ್ಕಾರವು 2015ರಲ್ಲಿ ಕೊಪ್ಪಳ ಮತ್ತು ಆಗಿನ ಬಳ್ಳಾರಿ ಜಿಲ್ಲೆಗಳ ನಡುವೆ, ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು ಉದ್ದದ ಹೊಳೆಯನ್ನು ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಸಂರಕ್ಷಣಾ ಮೀಸಲು ಎಂದರೆ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ಏರ್ಪಾಡು. ಅಭಯಾರಣ್ಯದಷ್ಟು ಬಿಗಿಯಾದ ನಿರ್ಬಂಧಗಳಿಲ್ಲದೆ, ಸುತ್ತಲಿನ ಜನರೊಂದಿಗೆ ಸಮಾಲೋಚಿಸಿ ಸರ್ಕಾರದ ನೆಲದಲ್ಲಿ ಪ್ರಾಣಿಗಳ ನೆಲೆಯನ್ನು ಕಾಯುವುದು ಅದರ ಉದ್ದೇಶ. ನೀರುನಾಯಿಗಾಗಿಯೇ ಮೀಸಲಾದ ಇಂಥ ಪ್ರದೇಶ ದೇಶದಲ್ಲಿ ಇದೇ ಮೊದಲನೆಯದು. ಇದೇ ಹೊಳೆಯಲ್ಲಿ ಮೃದುಚಿಪ್ಪಿನ ದೊಡ್ಡ ಆಮೆಯೂ ಇದ್ದು, ಭಾರತದ ಪರ್ಯಾಯದ್ವೀಪದ ನದಿಗಳಿಗೇ ಸೀಮಿತವಾದ ಆ ಜಾತಿ ಅಳಿವಿನ ಅಂಚಿಗೆ ಬಂದಿದೆ.

ಮೀಸಲು ಪ್ರದೇಶ ಕಂಪ್ಲಿಯಲ್ಲಿ ಮುಗಿಯುತ್ತದೆ, ಹೊಳೆ ಮುಗಿಯುವುದಿಲ್ಲ. ಕಂಪ್ಲಿಯಿಂದ ಕೆಳಗೆ ಸಿಂಧನೂರು ತಾಲ್ಲೂಕಿನ ಮಗ್ಗುಲಿಗೆ ಹರಿಯುವ ತುಂಗಭದ್ರೆಗೆ ಅಂಥ ಹೆಸರೂ ಇಲ್ಲ, ಅಂಥ ಕಾವಲೂ ಇಲ್ಲ. ಮೀನಿರುವ ಮಡು, ಪೊದೆಯಿರುವ ದಡ ಎಲ್ಲಿಯವರೆಗೆ ಉಳಿದಿವೆಯೋ ಅಲ್ಲಿಯವರೆಗೆ ನೀರುನಾಯಿಗೆ ಬಾಳಲು ಎಡೆಯಿದೆ. ಮರಳು ತೆಗೆದು ದಡ ಕುಸಿದಲ್ಲಿ, ಸಿಡಿಮದ್ದು ಹಾಕಿ ಮೀನು ಹಿಡಿದಲ್ಲಿ, ಗದ್ದೆಯ ಕೀಟನಾಶಕ ಬಸಿದು ಬಂದಲ್ಲಿ ಆ ಎಡೆ ಕುಗ್ಗುತ್ತದೆ. ಪ್ರವಾಸಿಗರು ಬರುವ ಮೊದಲು ಈ ಕೆಳದಂಡೆಯ ಜೀವಿಗಳ ಸಮೀಕ್ಷೆ ನಡೆಯಬೇಕು; ಬಂದ ಮೇಲೆ ಮಾಡಿದ ಸಮೀಕ್ಷೆ ಕಳೆದುಹೋದದ್ದರ ಲೆಕ್ಕವಾಗುತ್ತದೆಯೇ ಹೊರತು ಉಳಿಸಿಕೊಳ್ಳುವ ದಾರಿಯಾಗುವುದಿಲ್ಲ.

ಬೇಸಿಗೆಯಲ್ಲಿ ಎರಡೂ ಹೊಳೆಗಳ ನೀರು ಇಳಿದಾಗ ತೆರೆದುಕೊಳ್ಳುವ ಮರಳಿನ ದಿಬ್ಬಗಳು ಗಾಲಿಮನೆಯವರ ಕಣ್ಣಿಗೆ ಸಹಜವಾಗಿ ಸಿದ್ಧವಾದ ತಂಗುದಾಣಗಳಂತೆ ಕಾಣುತ್ತವೆ. ಅವೇ ದಿಬ್ಬಗಳ ಮೇಲೆ ಫೆಬ್ರವರಿಯಿಂದ ಮೇ ತಿಂಗಳ ನಡುವೆ ಹೊಳೆರೀವ ಹಕ್ಕಿಗಳು ಗೂಡನ್ನೇ ಕಟ್ಟದೆ, ಮರಳಿನಲ್ಲಿ ಒಂದು ಸಣ್ಣ ತಗ್ಗು ಮಾಡಿ ಮೊಟ್ಟೆಯಿಡುತ್ತವೆ. ಮೊಟ್ಟೆಯ ಬಣ್ಣ ಮರಳಿನ ಬಣ್ಣಕ್ಕೆ ಹೊಂದಿಕೊಂಡಿರುವುದರಿಂದ ಕಾಗೆ ಹದ್ದುಗಳಿಗೆ ಕಾಣುವುದಿಲ್ಲ. ಅದೇ ಕಾರಣಕ್ಕೆ ವಾಹನ ನಡೆಸುವವನಿಗೂ ಕಾಣುವುದಿಲ್ಲ. ರಾಯಚೂರಿನ ಬೇಸಿಗೆಯ ಬಿಸಿಲಿನಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ನೆರಳಾಗಿ ಕೂತಿರಲೇಬೇಕು, ಮನುಷ್ಯರ ಓಡಾಟಕ್ಕೆ ಹೆದರಿ ಅದು ಮೇಲೆದ್ದು ಸುತ್ತುಹಾಕುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಮೊಟ್ಟೆಯೊಳಗಿನ ಜೀವ ಬೆಂದುಹೋಗುತ್ತದೆ. ಮೇಲೆ ಕೂಗುತ್ತ ಸುತ್ತುವ ಹಕ್ಕಿಯನ್ನು ಪ್ರವಾಸಿಗನು ಸಂತೋಷದಿಂದ ನೋಡುತ್ತ ನಿಂತಿರುತ್ತಾನೆ. ಆ ಸಂತೋಷ ನಿಜ, ಆದರೆ ಅದರ ಕೆಳಗೆ ನಡೆಯುತ್ತಿರುವ ನಾಶವೂ ನಿಜ.

ಮನುಷ್ಯರ ಸುರಕ್ಷತೆಯ ದೃಷ್ಟಿಯಿಂದಲೂ ಹೊಳೆಯ ಒಡಲಿನಲ್ಲಿ ವಾಹನ ನಿಲ್ಲಿಸುವುದು ತಪ್ಪು. ಎರಡೂ ನದಿಗಳ ನೀರು ಇಲ್ಲಿ ಜಲಾಶಯಗಳ ಗೇಟುಗಳ ಅಧೀನದಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ನದಿಪಾತ್ರದ ಊರುಗಳಿಗೆಲ್ಲ ಎಚ್ಚರಿಕೆ ನೀಡಬೇಕಾಯಿತು. ಊರಿನವರಿಗೆ ಡಂಗುರದ ಮೂಲಕವೋ ಫೋನಿನ ಮೂಲಕವೋ ಸುದ್ದಿ ಮುಟ್ಟುತ್ತದೆ. ಹೊಳೆಯ ಮರಳಿನಲ್ಲಿ ಮಲಗಿದ ಅಪರಿಚಿತನಿಗೆ ಅದನ್ನು ಮುಟ್ಟಿಸುವವರು ಯಾರೂ ಇರುವುದಿಲ್ಲ.

ದಡದಲ್ಲಿ ವಾಹನ ನಿಲ್ಲಿಸಬಾರದೆಂಬ ಈ ತತ್ತ್ವ ಕಡಲತೀರಕ್ಕೂ ಸಲ್ಲುತ್ತದೆ. ಉತ್ತರ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮರಳದಂಡೆಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಯ ಮರಿಗಳು, ರಾತ್ರಿ ಹೊರಬಂದೊಡನೆ ಹೆಚ್ಚು ಬೆಳಕಿರುವ ದಿಕ್ಕೇ ಸಮುದ್ರವೆಂದು ತಿಳಿದು ಸಾಗುತ್ತವೆ. ದಡದಲ್ಲಿ ನಿಂತ ವಾಹನದ ದೀಪ ಅವುಗಳನ್ನು ನೆಲದ ಕಡೆಗೆ ಸೆಳೆದು ಸಾಯಿಸುತ್ತದೆ. ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2024ರಲ್ಲಿ ಅಘನಾಶಿನಿಯ ಅಳಿವೆ, ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಒಟ್ಟಿಗೇ ಸೇರಿದವು. ಕಡಲೂ ಒಳನಾಡೂ ಹೀಗೆ ಒಂದೇ ಪಟ್ಟಿಯಲ್ಲಿ ಬಂದದ್ದು ಉಚಿತವಾಗಿದೆ.

ಗಾಲಿಮನೆಗಳ ಪ್ರವಾಸ ಬಹುಕಾಲದಿಂದ ರೂಢಿಯಲ್ಲಿರುವ ನ್ಯೂಜಿಲೆಂಡಿನ ಅನುಭವ ಇಲ್ಲಿ ಗಮನಾರ್ಹ. ಸೀಲ್ ಮತ್ತು ಪೆಂಗ್ವಿನ್‌ಗಳಿರುವ ಅಲ್ಲಿನ ಕರಾವಳಿಯುದ್ದಕ್ಕೂ ವಾಹನಗಳು ಎಲ್ಲೆಂದರಲ್ಲಿ ತಂಗತೊಡಗಿದಾಗ, 2011ರಲ್ಲಿ ಅದಕ್ಕೆಂದೇ ಕಾಯ್ದೆಯೊಂದನ್ನು ತಂದು, ಎಲ್ಲಿ ತಂಗಬಾರದೆಂದು ನಿರ್ಧರಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲಾಯಿತು. 2023ರಲ್ಲಿ ನಿಯಮ ಇನ್ನೂ ಬಿಗಿಯಾಗಿ, ಸ್ವಯಂಪೂರ್ಣವೆಂದು ಮಾನ್ಯತೆ ಪಡೆಯುವ ವಾಹನಕ್ಕೆ ಒಳಗೇ ಕೂರಿಸಿದ ಶೌಚಾಲಯ ಇರಲೇಬೇಕೆಂದಾಯಿತು. ಇದಕ್ಕೆ ಕಾರಣವಿದೆ. ಗಾಲಿಮನೆಯಿಂದ ಎರಡು ಬಗೆಯ ಕೊಳೆನೀರು ಹೊರಬರುತ್ತದೆ: ಸ್ನಾನ, ಪಾತ್ರೆ ತೊಳೆಯುವಿಕೆಯಿಂದ ಬರುವ ಸಾಬೂನಿನ ನೀರು ಒಂದು, ಶೌಚದ ನೀರು ಇನ್ನೊಂದು. ಎರಡನ್ನೂ ವಾಹನದ ತೊಟ್ಟಿಯಲ್ಲಿ ಹಿಡಿದಿಟ್ಟು, ಪಟ್ಟಣದ ಒಳಚರಂಡಿಗೆ ಸೇರಿಸಬೇಕು. ಸೇರಿಸುವ ಜಾಗವೇ ಇಲ್ಲದಿದ್ದರೆ ಒಳ್ಳೆಯ ಮನಸ್ಸಿನ ಪ್ರವಾಸಿಗನೂ ಕತ್ತಲಲ್ಲಿ ಹೊಳೆಗೋ ಕಾಲುವೆಗೋ ಅದನ್ನು ಬಿಡುತ್ತಾನೆ, ಮತ್ತು ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ಈ ಸೀಮೆಯಲ್ಲಿ ಬಹಳ ಇವೆ.

ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸವನ್ನೂ ಒಳಗೊಂಡಿತ್ತು. ಅಂಥ ನೀತಿಯ ಪ್ರಯೋಜನ ಕರಾವಳಿಗೂ ಮಲೆನಾಡಿಗೂ ಮಾತ್ರ ಸಲ್ಲಬೇಕಾಗಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳ ಅಂಚಿನಲ್ಲಿ, ಮುದಗಲ್ಲಿನ ಕೋಟೆಯ ಹೊರಬಯಲಿನಲ್ಲಿ, ಹೊಳೆಯಿಂದ ದೂರವಾದ ಗಟ್ಟಿ ನೆಲದ ಮೇಲೆ, ಕುಡಿಯುವ ನೀರು, ಕೊಳೆನೀರಿನ ಗುಂಡಿ ಮತ್ತು ಒಬ್ಬ ಕಾವಲುಗಾರ ಇರುವ ತಂಗುದಾಣಗಳನ್ನು ಪುರಸಭೆ ಮತ್ತು ನಗರಸಭೆಗಳು ಮಾಡಿಕೊಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಲ್ಲಿಂದ ನಸುಕಿನಲ್ಲಿ ಹೊಳೆಯವರೆಗೆ ನಡೆಸಿಕೊಂಡು ಹೋಗಲು ಮೀನುಗಾರರ ಮತ್ತು ಹರಿಗೋಲು ಹಾಕುವವರ ಮನೆಗಳ ಯುವಕರಿಗೆ ಅರಣ್ಯ ಇಲಾಖೆಯಿಂದ ತರಬೇತಿ ಕೊಡಿಸಿದರೆ, ಹೊಳೆಯನ್ನು ಬಲ್ಲವರಿಗೇ ಅದರ ಆದಾಯ ದೊರೆತು, ಅದನ್ನು ಕಾಯುವ ಆಸಕ್ತಿಯೂ ಅವರದಾಗುತ್ತದೆ. ಕಂಪ್ಲಿಯಿಂದ ಕೆಳಗಿನ ತುಂಗಭದ್ರೆಗೂ ಜಲದುರ್ಗದ ಸುತ್ತಿನ ಕೃಷ್ಣೆಗೂ ಸಂರಕ್ಷಣಾ ಮೀಸಲಿನ ಸ್ಥಾನಮಾನ ನೀಡುವ ವಿಚಾರವನ್ನು ಸರ್ಕಾರ ಇದರ ಜೊತೆಯಲ್ಲಿಯೇ ಕೈಗೆತ್ತಿಕೊಳ್ಳಬೇಕು. ಮೀನು ಹಿಡಿದು ಬದುಕುವವರ ಹಕ್ಕಿಗೆ ಧಕ್ಕೆ ಬಾರದಂತೆ ಅದನ್ನು ಮಾಡಲು ಕಾಯ್ದೆಯಲ್ಲಿಯೇ ಅವಕಾಶವಿದೆ.

ಇವೆಲ್ಲ ಆಗುವವರೆಗೆ ಕಾಯದೆ ಕೇಳುಗರು ತಾವೇ ಪಾಲಿಸಬಹುದಾದದ್ದೂ ಇದೆ. ಗಾಲಿಮನೆಯಲ್ಲಿಯೇ ಬರಲಿ, ಕಾರಿನಲ್ಲಿಯೇ ಬರಲಿ, ಟ್ರ್ಯಾಕ್ಟರಿನಲ್ಲಿಯೇ ಬರಲಿ, ವಾಹನವನ್ನು ಡಾಂಬರು ರಸ್ತೆಯ ಬದಿಯಲ್ಲಿಯೇ ನಿಲ್ಲಿಸಿ ಹೊಳೆಯವರೆಗಿನ ಕೊನೆಯ ದಾರಿಯನ್ನು ನಡೆದುಹೋಗಬೇಕು. ಮೊಸಳೆಯ ಮಡು ಯಾವುದೆಂದು ಮೊದಲು ಊರಿನವರನ್ನು ಕೇಳಬೇಕು. ಮರಳದಿಬ್ಬದ ಮೇಲೆ ಫೆಬ್ರವರಿಯಿಂದ ಮಳೆ ಬೀಳುವವರೆಗೆ ಕಾಲಿಡಬಾರದು. ಕತ್ತಲಾಗುವ ಮೊದಲು ದಡವನ್ನು ಬಿಟ್ಟು ಊರಿಗೆ ಹಿಂದಿರುಗಬೇಕು.